ಕಾಲುಪೇಟಿಯ ವಾರಸುದಾರರು

ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಪೇಟಿ (ಹಾರ್ಮೋನಿಯಂ), ಏಕಾದಶಿಯ ಭಜನೆಗೆ ಪೇಟಿ, ನಾಟಕ ಕಂಪನಿಗೆ ಕಾಲುಪೇಟಿ, ಜಾತ್ರೆಯ ರಸಮಂಜರಿಗೆ ಕೀಬೋರ್ಡ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ವೇದಿಕೆಯ ಮೇಲೆ ಮನೆಗಳಿರುವ (ಕೀಗಳಿರುವ) ವಾದ್ಯ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಕೀಬೋರ್ಡ್ ಯಾವ ಕಂಪನಿಯದ್ದೇ ಆಗಿರಲಿ, ಊರವರ ಬಾಯಲ್ಲಿ ಅದು ‘ಕ್ಯಾಸಿಯೊ’. ಪೇಟಿ ಮಾಸ್ತರರ ಮಗನೋ ಮೊಮ್ಮಗನೋ ಈಗ ಕ್ಯಾಸಿಯೊ ಮಾಸ್ತರ. ಕೆಲಸ ಮಾತ್ರ ಹಳೆಯದೇ: ಹಾಡುವವರ ಪಟ್ಟಿ (ಶ್ರುತಿ) ಹಿಡಿಯಬೇಕು, ಅವರು ಉಸಿರೆಳೆದುಕೊಳ್ಳುವಾಗ ಸುರ ಬೀಳದಂತೆ ಕಾಯಬೇಕು, ಚರಣ ಮುಗಿದು ಪಲ್ಲವಿಗೆ ಬರುವವರೆಗಿನ ಸಂದು ತುಂಬಬೇಕು. ಅಂಗಡಿಯಲ್ಲಿ ತೋರಿಸುವುದು ಬೇರೆಯೇ. ಅಲ್ಲಿ ನೂರಾರು ಟೋನು, ನೂರಾರು ರಿದಮ್ಮು, ಮಿನುಗುವ ಪರದೆ. ವೇದಿಕೆಗೆಂದು ವಾದ್ಯ ಕೊಳ್ಳುವವರು ಎಡವುವುದು ಇಲ್ಲೇ. ಪೇಟಿ ತನ್ನ ಕೆಲಸವನ್ನು ಹೇಗೆ ಮಾಡುತ್ತಿತ್ತು ಎಂಬುದು ತಿಳಿದಿದ್ದರೆ, ಅದರ ಜಾಗಕ್ಕೆ ಬಂದ ಯಂತ್ರದಲ್ಲಿ ಏನನ್ನು ಹುಡುಕಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಹಿತ್ತಾಳೆಯ ನಾಲಿಗೆ

ಪೇಟಿಯ ಒಳಗೆ ಪ್ರತಿ ಮನೆಗೂ ಒಂದು ಹಿತ್ತಾಳೆ ತಗಡು, ತಗಡಿನಲ್ಲಿ ಒಂದು ಸೀಳು, ಸೀಳಿನ ಮೇಲೆ ಒಂದು ತುದಿ ಮಾತ್ರ ಬಿಗಿದ ತೆಳು ನಾಲಿಗೆ. ಇದೇ ರೀಡು. ತಿದಿಯ ಗಾಳಿ ನಾಲಿಗೆಯನ್ನು ಸೀಳಿನೊಳಕ್ಕೆ ತಳ್ಳುತ್ತದೆ, ಹಿತ್ತಾಳೆಯ ಸೆಟೆತ ಅದನ್ನು ವಾಪಸು ಎಳೆಯುತ್ತದೆ. ಹೀಗೆ ಹೋಗಿ ಬರುವ ನಾಲಿಗೆ ಗಾಳಿಯ ಹರಿವನ್ನು ತುಂಡು ತುಂಡು ಮಾಡಿ ಬಿಡುತ್ತದೆ. ಆ ತುಂಡುಗಳೇ ಕಿವಿಗೆ ಸ್ವರ. ಮಧ್ಯ ಸಪ್ತಕದ ಮೊದಲ ಕಪ್ಪು ಮನೆಯಲ್ಲಿ, ಅಂದರೆ ಕಪ್ಪು ಒಂದರಲ್ಲಿ, ಈ ಓಡಾಟ ಸೆಕೆಂಡಿಗೆ ಸುಮಾರು 277 ಸಲ. ನಾಲಿಗೆಯ ಉದ್ದ ಅರ್ಧವಾದರೆ ವೇಗ ನಾಲ್ಕು ಪಟ್ಟಾಗುತ್ತದೆ, ದಪ್ಪ ಇಮ್ಮಡಿಯಾದರೆ ವೇಗವೂ ಇಮ್ಮಡಿ. ಸುರ ಕೂಡಿಸುವವರ ಕೈಚಳಕ ಇರುವುದು ಈ ಲೆಕ್ಕದಲ್ಲಿ. ನಾಲಿಗೆಯ ತುದಿಯನ್ನು ಚೂರು ಕೆರೆದರೆ ತುದಿ ಹಗುರಾಗಿ ಸ್ವರ ಏರುತ್ತದೆ. ಬುಡದಲ್ಲಿ ಕೆರೆದರೆ ಸೆಟೆತ ಕುಗ್ಗಿ ಸ್ವರ ಇಳಿಯುತ್ತದೆ. ಕೆರೆದದ್ದನ್ನು ಮತ್ತೆ ಅಂಟಿಸಲಾಗದು, ಹಾಗಾಗಿ ಒಳ್ಳೆಯ ಕಾರಿಗರರು ಎರಡು ಸಲ ಕೇಳಿ ಒಂದು ಸಲ ಕೆರೆಯುತ್ತಾರೆ. ಗಡಿಯಾಚೆ ಹತ್ತಿರದಲ್ಲೇ ಇರುವ ಮೀರಜ್ ತಂಬೂರಿ, ಸಿತಾರುಗಳಿಗೆ ಹೆಸರಾದ ಊರು. ಪೇಟಿಯ ರೀಡಿಗೆ ಮಾತ್ರ ಗುಜರಾತಿನ ಪಾಲಿತಾಣದ ಹೆಸರು ದೊಡ್ಡದು.

ಪ್ಯಾರಿಸಿನ ಅಲೆಕ್ಸಾಂಡರ್ ದೆಬೆಯ್ನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದಾಗ ಅದು ಕುರ್ಚಿಯ ಮೇಲೆ ಕೂತು ಎರಡೂ ಕಾಲಲ್ಲಿ ಗಾಳಿ ಒತ್ತುವ ವಾದ್ಯವಾಗಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಾಡಿಗೆ ಅದು ಒಗ್ಗದು. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ಕೈತಿದಿಯ ಪೇಟಿ ತಯಾರಿಸಿ ದ್ವಾರ್ಕಿನ್ ಹೆಸರಿನಲ್ಲಿ ಮಾರಿದ ಮೇಲೆ ವಾದ್ಯ ಊರೂರಿಗೆ ಹಬ್ಬಿತು. ಆದರೂ ರಂಗಭೂಮಿ ಕಾಲಿನ ವಾದ್ಯವನ್ನು ಬಿಡಲಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಮಾಡಿದರು, ಆ ಹಾಡುಗಾರಿಕೆಯ ಗಾಳಿ ಕನ್ನಡ ಕಂಪನಿಗಳಿಗೂ ಬೀಸಿತು. ಗಾಳಿಯನ್ನು ಹೊರಗೆ ಒತ್ತುವ ಬದಲು ಒಳಗೆ ಹೀರುವ ಅಮೆರಿಕನ್ ಬಗೆಯ ಕಾಲಿನ ವಾದ್ಯವನ್ನು ಮರಾಠಿ ರಂಗದವರು ‘ಆರ್ಗನ್’ ಎಂದೇ ಕರೆದರು, ಇಂದಿಗೂ ನಾಟ್ಯಸಂಗೀತದ ಬೈಠಕ್ಕುಗಳಲ್ಲಿ ಅದರ ಸಾಥ್ ಕೇಳಿಸುತ್ತದೆ. ಹೀರುವ ತಿದಿಯಲ್ಲಿ ನಾದ ಮೃದು, ಒತ್ತುವ ತಿದಿಯಲ್ಲಿ ಖಡಕ್. ಕಾಲಿನ ವಾದ್ಯದ ದೊಡ್ಡ ಲಾಭ ಬೇರೆಯೇ ಇತ್ತು: ಎರಡೂ ಕೈ ಮನೆಗಳ ಮೇಲೆ ಇರುತ್ತಿದ್ದವು, ಗಾಳಿಯ ಜವಾಬ್ದಾರಿ ಕಾಲಿನದು.

ಈ ಸೀಮೆಯ ಪೇಟಿಯ ಮಾತು ಬಂದಾಗ ರಾಮಭಾವು ಬಿಜಾಪುರೆಯವರ ಹೆಸರು ಬಿಡುವಂತಿಲ್ಲ. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸಂಗೀತ ಶಾಲೆ ಕಟ್ಟಿ, ಹಲವು ತಲೆಮಾರಿನ ಹಿಂದೂಸ್ತಾನಿ ಗಾಯಕರಿಗೆ ಸಾಥ್ ಕೊಟ್ಟ ಅವರು 2010ರಲ್ಲಿ ತೀರಿಕೊಂಡರು. ಅವರು ಪೇಟಿ ಕೈಗೆತ್ತಿಕೊಂಡ ಕಾಲದಲ್ಲಿ ವಾದ್ಯಕ್ಕೆ ಮರ್ಯಾದೆಯೇ ಇರಲಿಲ್ಲ. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಅದು ಸಡಿಲವಾದದ್ದು 1971ರಲ್ಲಿ. ಆರೋಪ ಎರಡು. ಒಂದು, ಪೇಟಿಯಲ್ಲಿ ಮೀಂಡ್ ಬರುವುದಿಲ್ಲ: ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾಗದು, ಹಾರಲಷ್ಟೇ ಸಾಧ್ಯ. ಇನ್ನೊಂದು, ಹನ್ನೆರಡು ಮನೆಗಳ ಅಂತರವನ್ನು ಸಮವಾಗಿ ಹಂಚಿರುವುದರಿಂದ ಅದರ ಗಾಂಧಾರ, ಧೈವತಗಳು ಗಾಯಕರ ಸ್ವರದ ಜೊತೆ ಕೂಡುವುದಿಲ್ಲ. ಎರಡೂ ನಿಜವಾದ ದೂರುಗಳೇ. ಕೀಬೋರ್ಡನ್ನು ತೂಗಿ ನೋಡುವಾಗ ಈ ಎರಡು ದೂರುಗಳನ್ನು ಕೈಯಲ್ಲಿ ಹಿಡಿದಿರುವುದು ಒಳ್ಳೆಯದು, ಏಕೆಂದರೆ ಪೇಟಿಗೆ ಇಲ್ಲದ ಉತ್ತರ ಇದರಲ್ಲಿ ಅರೆಬರೆಯಾಗಿಯಾದರೂ ಇದೆ.

ಎಡಗೈಯ ಕೆಲಸ

ಪೇಟಿ ಬಾರಿಸುವವರ ಬಲಗೈ ಮಾತಾಡುತ್ತದೆ, ಎಡಗೈ ಉಸಿರಾಡುತ್ತದೆ. ಹಾಡುವವರು ತಾರಕಕ್ಕೆ ಏರುವಾಗ ತಿದಿಯ ಒತ್ತಡ ಒಂದಿಷ್ಟು ಹೆಚ್ಚುತ್ತದೆ, ಮಾತಿನ ಜಾಗ ಬಂದಾಗ ಕೈ ಸಡಿಲುತ್ತದೆ, ಸ್ವರ ಎಳೆಯಂತೆ ಉಳಿಯುತ್ತದೆ. ಮನೆಯನ್ನು ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಪೇಟಿಗೆ ಒಂದೇ. ದನಿಯ ಏರಿಳಿತವೆಲ್ಲ ಗಾಳಿಯದು.

ಕೀಬೋರ್ಡಿನಲ್ಲಿ ಇದು ತಿರುಗುಮುರುಗು. ಪ್ರತಿ ಮನೆಯ ಕೆಳಗೆ ರಬ್ಬರಿನ ಒಂದು ಗುಮ್ಮಟ, ಅದರೊಳಗೆ ಇಂಗಾಲದ ಎರಡು ಬೊಟ್ಟು, ಒಂದು ಸ್ವಲ್ಪ ಮೇಲೆ, ಇನ್ನೊಂದು ಕೆಳಗೆ. ಬೆರಳು ಒತ್ತಿದಾಗ ಮೊದಲ ಬೊಟ್ಟು ತಾಗಿ ಎರಡನೆಯದು ತಾಗುವವರೆಗಿನ ಕಾಲವನ್ನು ಯಂತ್ರ ಅಳೆಯುತ್ತದೆ. ಅಂತರ ಕಡಿಮೆಯಾದರೆ ಬೆರಳು ಜೋರಾಗಿ ಬಿದ್ದಿದೆ ಎಂದು ಲೆಕ್ಕ, ದನಿಯೂ ಜೋರು. ಪಿಯಾನೊ ಟೋನಿಗೆ ಇದು ಸೊಗಸು. ಪೇಟಿ ಟೋನಿಗೆ ಇದೇ ತೊಡಕು: ಒಂದು ಸ್ವರ ಗಟ್ಟಿ, ಪಕ್ಕದ್ದು ಮೆಲ್ಲಗೆ, ಹಾಡಿನ ಎಳೆ ಹರಿದು ಚಿಂದಿ. ಪೇಟಿ ಮಾಸ್ತರರು ಕೀಬೋರ್ಡಿಗೆ ಬಂದ ಹೊಸತರಲ್ಲಿ ‘ಇದರಾಗ ಜೀವ ಇಲ್ಲ’ ಎನ್ನುವುದು ಹೆಚ್ಚಾಗಿ ಇದಕ್ಕೇ. ಆ ಟೋನುಗಳಿಗೆ ಬೆರಳಿನ ಸಂವೇದನೆಯನ್ನು ಆರಿಸಿಬಿಟ್ಟರೆ ಅರ್ಧ ಕಾಯಿಲೆ ವಾಸಿ. ಉಳಿದರ್ಧಕ್ಕೆ ಬೇಕಾದದ್ದು ಕಾಲಿನ ಎಕ್ಸ್‌ಪ್ರೆಷನ್ ಪೆಡಲು. ಪಾದ ಮುಂದೆ ಒತ್ತಿದರೆ ದನಿ ತುಂಬುತ್ತದೆ, ಹಿಮ್ಮಡಿ ಊರಿದರೆ ಇಳಿಯುತ್ತದೆ. ಕಂಪನಿ ಕಾಲದಲ್ಲಿ ಕಾಲಿಗಿದ್ದ ಕೆಲಸ ಮತ್ತೆ ಕಾಲಿಗೇ ಬಂದಂತಾಯಿತು.

ಹಾಗಾಗಿ ವೇದಿಕೆಯ ಕೀಬೋರ್ಡನ್ನು ಮುಂದಿನಿಂದ ನೋಡುವ ಮೊದಲು ತಿರುಗಿಸಿ ಹಿಂಭಾಗ ನೋಡಬೇಕು. ಕಡಿಮೆ ಬೆಲೆಯ ಅನೇಕ ಕೀಬೋರ್ಡುಗಳಲ್ಲಿ ಪೆಡಲಿಗೆ ಇರುವುದು ಒಂದೇ ತೂತು, ಅದೂ ಸಸ್ಟೇನಿಗೆ. ಸಸ್ಟೇನ್ ಪೆಡಲು ಒಂದು ಸ್ವಿಚ್ಚು ಮಾತ್ರ. ಸ್ವರವನ್ನು ಹಿಡಿದಿಡುತ್ತದೆ, ದನಿಯನ್ನು ಏರಿಸಿ ಇಳಿಸಲಾರದು. ಎಕ್ಸ್‌ಪ್ರೆಷನ್ ಪೆಡಲಿಗೆ ಬೇರೆ ತೂತು ಇಲ್ಲದ ವಾದ್ಯ ಮನೆಯ ಅಭ್ಯಾಸಕ್ಕೆ ಸಾಕು, ಗಾಯಕರ ಸಾಥಿಗೆ ಸಾಲದು. ಸಾವಿರ ಟೋನು ಕೊಟ್ಟರೂ ಈ ಕೊರತೆ ತುಂಬುವುದಿಲ್ಲ.

ಕಾಲು ಉಸಿರಾಟ ವಹಿಸಿಕೊಂಡರೆ ಎಡಗೈ ಖಾಲಿಯಾಗುತ್ತದೆ. ರೇಡಿಯೊದವರ ಮೊದಲ ದೂರಿಗೆ ಉತ್ತರ ಇರುವುದು ಅಲ್ಲಿ. ಕೀಬೋರ್ಡಿನ ಎಡತುದಿಯ ಪಿಚ್ ಬೆಂಡ್ ಗಾಲಿಯೋ ಕಡ್ಡಿಯೋ ಸ್ವರವನ್ನು ಜಾರಿಸುತ್ತದೆ. ಸಾಮಾನ್ಯವಾಗಿ ಅದರ ವ್ಯಾಪ್ತಿ ಮೇಲೆ ಎರಡು ಮನೆ, ಕೆಳಗೆ ಎರಡು ಮನೆ. ಸಾರಂಗಿ, ಕೊಳಲು, ಶಹನಾಯಿ ಟೋನುಗಳಲ್ಲಿ ರಿಷಭದಿಂದ ಗಾಂಧಾರಕ್ಕೆ ಇದರಲ್ಲಿ ಮೀಂಡ್ ಎಳೆಯಬಹುದು. ಕೀಬೋರ್ಡಿನಲ್ಲಿ ಬೇರೆ ವಾದ್ಯದ ನಾದ ತೆಗೆಯುವುದು ಹೊಸದೇನಲ್ಲ: 1954ರ ‘ನಾಗಿನ್’ ಚಿತ್ರದ ಪುಂಗಿ ನಾದ ಪುಂಗಿಯದಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತು. ಮುಂದೆ ಸಂಗೀತ ನಿರ್ದೇಶಕರಾದ ಕಲ್ಯಾಣ್‌ಜಿ ಅದನ್ನು ಕ್ಲಾವಿಯೋಲಿನ್ ಎಂಬ ಪುಟ್ಟ ವಿದ್ಯುತ್ ಕೀಬೋರ್ಡಿನಲ್ಲಿ ತೆಗೆದಿದ್ದರು. ಬೆಂಜೋ ಪಾರ್ಟಿಯವರಿಂದ ಹಿಡಿದು ರಸಮಂಜರಿಯವರವರೆಗೆ ಆ ಧುನ್ ಬಾರಿಸದವರಿಲ್ಲ. ಪಿಚ್ ಬೆಂಡ್ ಗಾಲಿ ಬಿಟ್ಟೊಡನೆ ತಾನೇ ನಡುವಿಗೆ ಮರಳಬೇಕು, ಮರಳಿದಾಗ ಸ್ವರ ಕರಾರುವಾಕ್ಕಾಗಿ ನಿಲ್ಲಬೇಕು. ಸೆಕೆಂಡ್ ಹ್ಯಾಂಡ್ ವಾದ್ಯದಲ್ಲಿ ಮೊದಲು ಸವೆದಿರುವ ಜಾಗ ಇದು.

ಪಟ್ಟಿ ಮತ್ತು ಗಾಂಧಾರ

ಪಾರಿಜಾತದ ಪಾತ್ರಧಾರಿಗಳು ಮೈಕಿಲ್ಲದ ಕಾಲದಿಂದ ಎತ್ತರದ ಪಟ್ಟಿಗೆ ಒಗ್ಗಿದವರು. ಭಜನೆಯ ಹಿರಿಯರು ಬಿಳಿ ಒಂದೋ ಕಪ್ಪು ಒಂದೋ ಎನ್ನುತ್ತಾರೆ, ಹಾಡುಗಾರ್ತಿ ಕಪ್ಪು ಐದು ಕೇಳುತ್ತಾರೆ. ಪೇಟಿಯಲ್ಲಿ ಇದಕ್ಕೆ ಸ್ಕೇಲ್ ಚೇಂಜರ್ ಇದೆ: ಮನೆಗಳ ಸಾಲನ್ನೇ ಎತ್ತಿ ರೀಡುಗಳ ಮೇಲೆ ಪಕ್ಕಕ್ಕೆ ಸರಿಸುವ ಏರ್ಪಾಡು. ಹಾಗಾಗಿಯೇ ಒಳ್ಳೆಯ ಸ್ಕೇಲ್ ಚೇಂಜರ್ ಪೇಟಿ ಹತ್ತು ಕಿಲೋ ದಾಟುತ್ತದೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಅದೇ ಕೆಲಸ ತೂಕವಿಲ್ಲದೆ ಆಗುತ್ತದೆ. ಗುಂಡಿ ಮುಖದ ಮೇಲೆಯೇ ಇರಬೇಕು, ಎಷ್ಟು ಮನೆ ಸರಿದಿದೆ ಎಂಬುದು ಕತ್ತಲಲ್ಲೂ ಪರದೆಯಲ್ಲಿ ಕಾಣಬೇಕು. ಮೆನುವಿನೊಳಗೆ ಮೂರು ಮೆಟ್ಟಿಲು ಇಳಿದು ಹುಡುಕಬೇಕಾದ ವಾದ್ಯ ನಾಟಕಕ್ಕೆ ನಿರುಪಯುಕ್ತ; ನಟಿ ರಂಗಕ್ಕೆ ಬಂದು ಕಂದ ಎತ್ತಿದ ಮೇಲೆ ಹುಡುಕುವ ಸಮಯ ಎಲ್ಲಿದೆ? ಹಿಂದಿನ ಹಾಡಿನ ಪಟ್ಟಿ ಮರೆತು ಮುಂದಿನ ಹಾಡು ಶುರುಮಾಡುವುದು ವೇದಿಕೆಯ ಬಹುಸಾಮಾನ್ಯ ಅವಘಡ. ಪಟ್ಟಿಯನ್ನು ಟೋನಿನ ಜೊತೆಗೇ ಉಳಿಸಿಡುವ ಸೌಲಭ್ಯ ಇದ್ದರೆ ಅದು ತಪ್ಪುತ್ತದೆ.

ಪೇಟಿ ಮತ್ತು ಕೀಬೋರ್ಡ್ ಜೊತೆಯಾಗಿ ನುಡಿಯುವಲ್ಲಿ ಇನ್ನೊಂದು ತೊಡಕು. ಕೀಬೋರ್ಡ್ ಕಾರ್ಖಾನೆಯಿಂದ ಬರುವುದು 440 ಹರ್ಟ್ಸ್ ಲೆಕ್ಕಕ್ಕೆ. ಹಳೆಯ ಪೇಟಿಯ ಅದೇ ಮನೆ 443 ಇರಬಹುದು. ಎರಡೂ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಮೂರು ಸಲ ನಾದ ಉಬ್ಬಿ ತಗ್ಗುತ್ತದೆ. ಪಠ್ಯಪುಸ್ತಕದ ವಿಸ್ಪಂದ ಎಂದರೆ ಇದೇ. ಮೇಲಿನ ಸಪ್ತಕದಲ್ಲಿ ಆರು ಸಲ. ಕೀಬೋರ್ಡಿನ ಮಾಸ್ಟರ್ ಟ್ಯೂನ್ ತಿರುಗಿಸಿ ಉಬ್ಬು ನಿಲ್ಲುವವರೆಗೆ ಏರಿಸಿದರೆ ಮುಗಿಯಿತು. ಯಾವತ್ತೂ ಕೀಬೋರ್ಡನ್ನು ಪೇಟಿಗೆ ಕೂಡಿಸಬೇಕು. ಪೇಟಿಯನ್ನು ಕೀಬೋರ್ಡಿಗೆ ಕೂಡಿಸಲು ಹೊರಟರೆ ಅರ ಹಿಡಿಯಬೇಕಾಗುತ್ತದೆ.

ಗಾಂಧಾರದ ದೂರು ಇದಕ್ಕಿಂತ ಸೂಕ್ಷ್ಮ. ಕಪ್ಪು ಒಂದನ್ನು ಸಾ ಎಂದುಕೊಂಡರೆ, ತಂಬೂರಿಯ ಜೊತೆ ಗಾಯಕರು ಹಿಡಿಯುವ ಶುದ್ಧ ಗಾಂಧಾರ ಸಾದ ಐದು-ನಾಲ್ಕಾಂಶ, ಅಂದರೆ 346.5 ಹರ್ಟ್ಸ್. ಕೀಬೋರ್ಡಿನ ಮನೆ ಕೊಡುವುದು 349.2. ಒಂದು ಮನೆಯ ಅಂತರವನ್ನು ನೂರು ಸೆಂಟ್ ಎಂದು ಭಾಗ ಮಾಡಿದರೆ ವ್ಯತ್ಯಾಸ ಸುಮಾರು 14 ಸೆಂಟ್. ಧೈವತದಲ್ಲಿ ಸುಮಾರು 16. ಠಾಣೆಯ ವೈದ್ಯ ವಿದ್ಯಾಧರ ಓಕ್ ಇದಕ್ಕೆಂದೇ 22 ಶ್ರುತಿಗಳ ಹಾರ್ಮೋನಿಯಂ ರೂಪಿಸಿದರು. ಕೀಬೋರ್ಡುಗಳಲ್ಲಿ ಸ್ಕೇಲ್ ಟ್ಯೂನ್ ಎಂಬ ಸೌಲಭ್ಯವಿದ್ದರೆ ಗಾಂಧಾರದ ಮನೆಯನ್ನು 14 ಸೆಂಟ್ ಇಳಿಸಿ ಇಡಬಹುದು. ಅಭಂಗಕ್ಕೆ, ವಚನಕ್ಕೆ ಅದು ಹಿತ. ಸಿನಿಮಾ ಹಾಡಿನಲ್ಲಿ ಮಾತ್ರ ಹಾಗೆ ಬಿಡಬಾರದು. ಅಲ್ಲಿ ಅದೇ ಮನೆ ಬೇರೆ ಬೇರೆ ಕಾರ್ಡುಗಳಲ್ಲಿ ಬೇರೆ ಬೇರೆ ಪಾತ್ರ ವಹಿಸುತ್ತದೆ, ಇಳಿಸಿದ ಗಾಂಧಾರ ಒಂದೆರಡು ಕಾರ್ಡುಗಳನ್ನು ಕೆಡಿಸುತ್ತದೆ. ಭಜನೆಗೊಂದು, ಆರ್ಕೆಸ್ಟ್ರಾಕ್ಕೊಂದು ಹೀಗೆ ಎರಡು ಜೋಡಣೆ ಉಳಿಸಿಟ್ಟುಕೊಳ್ಳುವುದೇ ವಾಸಿ.

ಆರ್ಗನ್ನಿನ ನಕಲು

ಅಮೆರಿಕದ ಲಾರೆನ್ಸ್ ಹ್ಯಾಮಂಡ್ ಗಡಿಯಾರ ತಯಾರಕ. 1935ರಲ್ಲಿ ಆತ ಮಾರುಕಟ್ಟೆಗೆ ತಂದ ವಿದ್ಯುತ್ ಆರ್ಗನ್ನಿನಲ್ಲಿ ಗಾಳಿಯೂ ಇಲ್ಲ, ರೀಡೂ ಇಲ್ಲ. ಹಲ್ಲುಗಳಿರುವ 91 ಕಬ್ಬಿಣದ ಚಕ್ರಗಳನ್ನು ಒಂದು ಮೋಟಾರು ತಿರುಗಿಸುತ್ತದೆ. ಪ್ರತಿ ಚಕ್ರದ ಅಂಚಿಗೆ ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿ. ಹಲ್ಲು ಹತ್ತಿರ ಬಂದು ದೂರ ಸರಿದಂತೆ ತಂತಿಯಲ್ಲಿ ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಸೆಕೆಂಡಿಗೆ ಎಷ್ಟು ಹಲ್ಲು ಹಾದುಹೋದವೋ ಅಷ್ಟು ಹರ್ಟ್ಸ್. ಮನೆ ಒತ್ತಿದಾಗ ಒಂದೇ ಅಲೆ ಬರುವುದಿಲ್ಲ. ಒಂಬತ್ತು ಜಗ್ಗುಪಟ್ಟಿಗಳು ಮೂಲಸ್ವರ, ಅದರ ಕೆಳಗಿನ ಸಪ್ತಕ, ಮೇಲಿನ ಸಪ್ತಕ, ಪಂಚಮ, ಇನ್ನೂ ಮೇಲಿನ ಸ್ವರಾಂಶಗಳನ್ನು ಬೇಕಾದ ಅಳತೆಯಲ್ಲಿ ಬೆರೆಸುತ್ತವೆ. ಪ್ರತಿ ಪಟ್ಟಿಗೆ ಸೊನ್ನೆಯಿಂದ ಎಂಟರವರೆಗೆ ಒಂಬತ್ತು ಹಂತ. ಒಟ್ಟು ಜೋಡಣೆಗಳು 38 ಕೋಟಿಗೂ ಮೇಲೆ. ಇದಕ್ಕೆ ಡಾನ್ ಲೆಸ್ಲಿ ಎಂಬಾತ ತಿರುಗುವ ಹಾರ್ನಿನ ಸ್ಪೀಕರ್ ಸೇರಿಸಿದ. ರೈಲಿನ ಸೀಟಿ ಹತ್ತಿರ ಬರುವಾಗ ಏರಿ ದೂರ ಹೋಗುವಾಗ ಇಳಿಯುವ ಡಾಪ್ಲರ್ ಪರಿಣಾಮವೇ ಇಲ್ಲಿ ನಾದಕ್ಕೆ ತೂಗಾಟ ಕೊಡುತ್ತದೆ.

ಹ್ಯಾಮಂಡಿನ ಹೆಸರಾಂತ ಬಿ-3 ಮಾದರಿ 1974ರವರೆಗೆ ತಯಾರಾಯಿತು. ಬೆಂಚು, ಕಾಲಿನ ಹಲಗೆಗಳೆಲ್ಲ ಸೇರಿ ಅದರ ತೂಕ 190 ಕಿಲೋ ಆಸುಪಾಸು. ಅಂಥದ್ದೊಂದನ್ನು ಚಿಂಚಲಿಯ ಮಾಯಕ್ಕನ ಜಾತ್ರೆಗೆ ತಂದು ಜನರೇಟರಿಗೆ ಸಿಕ್ಕಿಸಿದರು ಎಂದು ಊಹಿಸಿಕೊಂಡರೆ ಭಾರಕ್ಕಿಂತ ದೊಡ್ಡ ಇನ್ನೊಂದು ತೊಂದರೆ ಬಯಲಾಗುತ್ತದೆ. ಅದರ ಮೋಟಾರು ಸಿಂಕ್ರೊನಸ್ ಬಗೆಯದು: ವೋಲ್ಟೇಜು ಏರಿಳಿದರೆ ಅದಕ್ಕೆ ಲೆಕ್ಕವಿಲ್ಲ, ವಿದ್ಯುತ್ತಿನ ಆವರ್ತನಕ್ಕೆ ಮಾತ್ರ ಕಟ್ಟುಬಿದ್ದು ತಿರುಗುತ್ತದೆ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಅಲ್ಲಿಗೆಂದು ಮಾಡಿದ ಆರ್ಗನ್ ಇಲ್ಲಿ ಮೂರು ಮನೆಗೂ ಚೂರು ಹೆಚ್ಚೇ ಕೆಳಗೆ ನುಡಿಯುತ್ತದೆ. 50 ಹರ್ಟ್ಸಿನ ಮಾದರಿಯನ್ನೇ ತಂದರೂ ಸಾಮಾನ್ಯ ಡೀಸೆಲ್ ಜನರೇಟರಿನ ವೇಗ ಹೊರೆ ಬಿದ್ದಂತೆ ಮೂರ್ನಾಲ್ಕು ಶೇಕಡ ಕುಗ್ಗುವುದುಂಟು. ಖಾಲಿ ಓಡುವಾಗ 52 ಹರ್ಟ್ಸ್ ಇದ್ದದ್ದು ಎಲ್ಲ ದೀಪ ಹತ್ತಿದ ಮೇಲೆ 50ಕ್ಕೆ ಇಳಿದರೆ ಆರ್ಗನ್ನಿನ ಸ್ವರ 68 ಸೆಂಟ್ ಬೀಳುತ್ತದೆ, ಅಂದರೆ ಒಂದು ಮನೆಯ ಮೂರನೇ ಎರಡು ಭಾಗ. ಫೋಕಸ್ ಲೈಟು ಹತ್ತಿದಾಗೊಮ್ಮೆ ಆರಿದಾಗೊಮ್ಮೆ ಸಾ ಜಾಗ ಬದಲಿಸುವ ವಾದ್ಯದ ಮುಂದೆ ಯಾರು ಹಾಡಬೇಕು!

ಇಂದಿನ ಆರ್ಗನ್ ನಕಲುಗಳಿಗೆ ಈ ಭಯವಿಲ್ಲ. ಅವುಗಳಲ್ಲಿ ಚಕ್ರಗಳಿರುವುದು ಲೆಕ್ಕದಲ್ಲಿ ಮಾತ್ರ. ಕಾಲವನ್ನು ಅಳೆಯುವುದು ಸ್ಫಟಿಕದ ಗಡಿಯಾರ. ಜನರೇಟರು ಹೇಗೇ ಗುರುಗುಟ್ಟಲಿ ಸ್ವರ ಅಲುಗದು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೊರ್ಗ್ ಸಿಎಕ್ಸ್-3, ರೋಲಂಡ್ ವಿಕೆ-7 ಮಾದರಿಗಳು ಹ್ಯಾಮಂಡಿನ ನಕಲಿನ ದಾರಿ ತುಳಿದವು. 2001ರಲ್ಲಿ ಸ್ವೀಡನ್ನಿನ ನಾರ್ಡ್ ಎಲೆಕ್ಟ್ರೊ ಕೆಂಪು ಬಣ್ಣದಲ್ಲಿ ಬಂದಿತು. 2011ರಲ್ಲಿ ಹ್ಯಾಮಂಡ್ ಹೆಸರಿನಲ್ಲೇ ಬಂದ ಎಸ್‌ಕೆ-1 ಏಳು ಕಿಲೋ ತೂಗುತ್ತಿತ್ತು. ಯಮಾಹಾದ ರೀಫೇಸ್ ವೈಸಿ (2015) 37 ಪುಟಾಣಿ ಮನೆಗಳದ್ದು, ಶೆಲ್ಲಿನ ಮೇಲೂ ಓಡುತ್ತದೆ. ಅದೇ ಕಂಪನಿಯ ವೈಸಿ-61 (2020) ಪೂರ್ಣ ಅಳತೆಯದು, ಏಳು ಕಿಲೋ ಚಿಲ್ಲರೆ.

ಇವುಗಳಲ್ಲಿ ಒಂದನ್ನು ಅಥಣಿ ಕಡೆಯ ವಾದಕರು ಕೊಳ್ಳಬೇಕೇ? ಹಳೆಯ ಹಿಂದಿ ಹಾಡುಗಳೇ ಜೀವಾಳವಾದ ಆರ್ಕೆಸ್ಟ್ರಾಕ್ಕೆ ಜಗ್ಗುಪಟ್ಟಿಗಳ ಆರ್ಗನ್ ಸೊಗಸು. ಚರ್ಚಿನ ಗಾಯನಕ್ಕೂ ಹೌದು. ಪೇಟಿಯ ಬದಲಿಗೆ ಎಂದು ಕೊಳ್ಳುವುದಾದರೆ ಹಣ ದಂಡ. ಪೇಟಿಯ ಖರಜ, ನರ, ಮಾದಿ ಎಂಬ ಕೆಳಗಿನ, ನಡುವಿನ, ಮೇಲಿನ ಸಪ್ತಕದ ರೀಡುಗಳ ಸಾಲನ್ನು ಮೂರು ಜಗ್ಗುಪಟ್ಟಿಗಳು ಹೊರನೋಟಕ್ಕೆ ಹೋಲುತ್ತವೆ; ನಾದ ಹೋಲುವುದಿಲ್ಲ. ಚಕ್ರದ ಅಲೆ ನುಣ್ಣಗೆ, ಒಂದೊಂದೂ ಒಂಟಿ ಸ್ವರಾಂಶ. ಹಿತ್ತಾಳೆಯ ನಾಲಿಗೆ ಗಾಳಿಯನ್ನು ಕತ್ತರಿಸುವುದರಿಂದ ಹತ್ತಾರು ಸ್ವರಾಂಶಗಳು ಒಮ್ಮೆಗೇ ಹೊಮ್ಮುತ್ತವೆ. ಒಂಬತ್ತು ಪಟ್ಟಿಗಳಲ್ಲಿ ಅದನ್ನು ಕಟ್ಟಲಾಗದು. ನಿಜವಾದ ಪೇಟಿಯನ್ನು ಧ್ವನಿಮುದ್ರಿಸಿ ಚಿಪ್ಪಿನಲ್ಲಿಟ್ಟ ಟೋನುಗಳೇ ಇಲ್ಲಿ ಮೇಲು. ಯಮಾಹಾ ಪಿಎಸ್‌ಆರ್-ಐ500, ಕ್ಯಾಸಿಯೊ ಸಿಟಿ-ಎಕ್ಸ್9000ಐಎನ್ ಥರದ, ಭಾರತದ ಮಾರುಕಟ್ಟೆಗೆಂದೇ ಬಂದ ಮಾದರಿಗಳಲ್ಲಿ ಅಂಥ ದೇಸಿ ಟೋನುಗಳಿವೆ. ಟೋನು ಕೇಳಿ ನೋಡುವಾಗ ಒಂದು ಮನೆಯನ್ನು ಒತ್ತಿ ಹತ್ತು ಸೆಕೆಂಡು ಬಿಡದೆ ಹಿಡಿಯಬೇಕು. ಮುದ್ರಿಕೆ ಚಿಕ್ಕದಾಗಿದ್ದರೆ ಅದೇ ತುಣುಕು ಮತ್ತೆ ಮತ್ತೆ ಸುತ್ತಿ, ಗಾಣದಂತೆ ಒಂದೇ ಲಯದ ಕಂಪನ ಕೇಳಿಸುತ್ತದೆ. ಅಂಗಡಿಯಲ್ಲಿ ಯಾರೂ ಹತ್ತು ಸೆಕೆಂಡು ಕಾಯುವುದಿಲ್ಲ, ಆಲಾಪದಲ್ಲಿ ಕಾಯಲೇಬೇಕಾಗುತ್ತದೆ.

ಹಾರ್ನು, ಕರೆಂಟು, ದೂಳು

ಹೆಡ್‌ಫೋನಿನಲ್ಲಿ ಕೇಳಿ ಟೋನು ಆರಿಸುವುದು ಇನ್ನೊಂದು ತಪ್ಪು. ಮರಕ್ಕೆ ಕಟ್ಟಿದ ತಗಡಿನ ಹಾರ್ನು ಕೆಳಸ್ವರಗಳನ್ನು ನುಡಿಸಲಾರದು. ಮುನ್ನೂರು ಹರ್ಟ್ಸಿನ ಕೆಳಗೆ ಅದರ ದನಿ ಬೇಗ ಸೊರಗುತ್ತದೆ. ಖರಜದ ಕಪ್ಪು ಒಂದು 138.6 ಹರ್ಟ್ಸ್, ಹಾರ್ನಿನಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಆದರೂ ಪೇಟಿಯ ಖರಜ ದೂರದ ಹೊಲದವರೆಗೂ ಕೇಳಿಸುತ್ತದಲ್ಲ, ಹೇಗೆ? ಆ ರೀಡಿನಿಂದ 277, 416, 554 ಹರ್ಟ್ಸಿನ ಸ್ವರಾಂಶಗಳೂ ಹೊರಟಿರುತ್ತವೆ. ಅವುಗಳ ನಡುವಿನ ಅಂತರ 138.6 ಎಂದು ಮಿದುಳು ಗುರುತಿಸಿ, ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ನುಣ್ಣನೆಯ ಕೊಳಲಿನಂಥ ಟೋನಿನಲ್ಲಿ ಮೇಲಿನ ಅಂಶಗಳೇ ಕಡಿಮೆ, ಮಿದುಳಿಗೆ ಹಿಡಿಯಲು ಏನೂ ಸಿಗದೆ ಕೆಳಸ್ವರ ಗಾಳಿಯಲ್ಲಿ ಕರಗಿಹೋಗುತ್ತದೆ. ಮನೆಯಲ್ಲಿ ಒರಟು ಎನಿಸಿದ ಟೋನು ಬಯಲಲ್ಲಿ ಚೆನ್ನಾಗಿ ಕೇಳಿಸುವುದಕ್ಕೆ ಕಾರಣ ಇದು.

ಮೈಕ್ ಸೆಟ್ಟಿನವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ದನಿ ಕಳಿಸುತ್ತಾರೆ, ಎಡ-ಬಲ ಭೇದವಿಲ್ಲ. ಎಡ-ಬಲ ಎಂದು ಅಗಲವಾಗಿ ಮುದ್ರಿಸಿದ ಪಿಯಾನೊ ಟೋನುಗಳನ್ನು ಒಂದಾಗಿ ಬೆರೆಸಿದರೆ ಅಲೆಗಳು ಕೆಲವು ಜಾಗದಲ್ಲಿ ಒಂದನ್ನೊಂದು ಅಳಿಸಿ ಟೊಳ್ಳು ದನಿ ಉಳಿಯುತ್ತದೆ. ಕೀಬೋರ್ಡಿನ ಹಿಂದೆ ‘ಎಲ್/ಮೊನೊ’ ಎಂದು ಗುರುತಿರುವ ತೂತಿಗೆ ಒಂದೇ ವೈರು ಸಿಕ್ಕಿಸಿದರೆ ಬಹುಪಾಲು ವಾದ್ಯಗಳು ತಾವೇ ಸರಿಯಾಗಿ ಬೆರೆಸಿ ಕಳಿಸುತ್ತವೆ. ಮಿಕ್ಸರು ದೂರದಲ್ಲಿದ್ದರೆ ನಡುವೆ ಡಿಐ ಬಾಕ್ಸ್ ಬೇಕು. ಅದರ ಟ್ರಾನ್ಸ್‌ಫಾರ್ಮರು ಜನರೇಟರಿನ ಗುಂಯ್ ಶಬ್ದವನ್ನು ವೈರಿನಿಂದ ದೂರವಿಡುತ್ತದೆ. ಕೇಳಿಸುವಿಕೆಯ ವಿಳಂಬದ ಬಗ್ಗೆ ಆತಂಕ ಬೇಡ. ಮನೆ ಒತ್ತಿದ ಮೇಲೆ ಯಂತ್ರ ಐದಾರು ಮಿಲಿಸೆಕೆಂಡು ತಡ ಮಾಡಿದರೂ ಅದು ಎರಡು ಮೀಟರು ದೂರ ಕೂತು ಕೇಳಿದಂತೆ, ಅಷ್ಟೇ.

ಕರೆಂಟಿನ ಮಾತು ಬೇರೆ. ಪೇಟಿಗೆ ಕರೆಂಟು ಹೋದದ್ದು ಗೊತ್ತಾಗುವುದೇ ಇಲ್ಲ. ಕೀಬೋರ್ಡ್ ಒಂದು ಕ್ಷಣದ ಕಡಿತಕ್ಕೂ ಆರಿ, ಮತ್ತೆ ಹೊತ್ತಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ; ದೊಡ್ಡ ವರ್ಕ್‌ಸ್ಟೇಷನ್ನಾದರೆ ಅಷ್ಟರಲ್ಲಿ ಚರಣವೇ ಮುಗಿದಿರುತ್ತದೆ. ಉಳಿಸಿದ ಜೋಡಣೆಗಳು ಚಿಪ್ಪಿನಲ್ಲಿ ಸುರಕ್ಷಿತ, ಆಗಷ್ಟೇ ತಿದ್ದಿ ಉಳಿಸದೆ ಬಿಟ್ಟದ್ದು ಹೋದಂತೆಯೇ. ಶೆಲ್ಲಿನ ಮೇಲೂ ಓಡುವ ಮಾದರಿ ಈ ಸೀಮೆಗೆ ಒಂದು ಹೆಜ್ಜೆ ಮುಂದು. ಅದಿಲ್ಲದಿದ್ದರೆ ಕಂಪ್ಯೂಟರಿನ ಸಣ್ಣ ಯುಪಿಎಸ್ಸಾದರೂ ಬೇಕು. ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ ಜನರೇಟರಿನ ಏರಿಳಿತವನ್ನು ಅದು ತಡೆದುಕೊಳ್ಳುತ್ತದೆ. 230 ಎಂದಷ್ಟೇ ಇರುವ ಹಳೆಯ ಭಾರದ ಅಡಾಪ್ಟರಿಗೆ ಸ್ಟೆಬಿಲೈಸರು ಹಾಕುವುದು ಕ್ಷೇಮ. ಬದಲಿ ಅಡಾಪ್ಟರು ಕೊಳ್ಳುವಾಗ ವೋಲ್ಟೇಜಿನ ಜೊತೆಗೆ ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಗುರುತನ್ನೂ ತಾಳೆ ನೋಡಬೇಕು. ಅದು ತಿರುವುಮುರುವಾದರೆ ವಾದ್ಯವೇ ಸುಡಬಹುದು.

ಉದ್ದದ ಲೆಕ್ಕ ಬಸ್ಸಿನಿಂದ ಶುರುವಾಗುತ್ತದೆ. 61 ಮನೆಗಳ ಸಾಲು ಸುಮಾರು 85 ಸೆಂಟಿಮೀಟರು, 88ರದ್ದು 122. ಅದರ ಮೇಲೆ ಅಂಚು, ಚೀಲ. ಮೊದಲನೆಯದು ರಾಯಬಾಗದ ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೆ ಹೋಗುತ್ತದೆ, ಕುಡಚಿಯಲ್ಲೋ ಶೇಡಬಾಳದಲ್ಲೋ ರೈಲು ಹತ್ತುವವರಿಗೂ ಭಾರವಲ್ಲ. ಎರಡನೆಯದಕ್ಕೆ ಗಾಡಿ ಬೇಕು. ಪಿಯಾನೊದಂತೆ ಸುತ್ತಿಗೆಯ ಭಾರವಿರುವ 88 ಮನೆಗಳು ಪೇಟಿಯ ಬೆರಳಿಗೆ ಹೇಗೂ ಒಗ್ಗುವುದಿಲ್ಲ; ಮೂರು, ಮೂರೂವರೆ ಸಪ್ತಕದಲ್ಲಿ ಬೆಳೆದ ಕೈಗೆ ಐದು ಸಪ್ತಕದ ಹಗುರ ಮನೆಗಳೇ ಧಾರಾಳ.

ಬೇಸಿಗೆಯಲ್ಲಿ ಕಪ್ಪು ಕೀಬೋರ್ಡನ್ನು ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ಕು ಬಾಗುತ್ತದೆ, ಮಳೆಗಾಲದಲ್ಲಿ ಪೇಟಿಯ ಮರ ಉಬ್ಬಿ ಮನೆ ಸಿಕ್ಕಿಕೊಳ್ಳುತ್ತದೆ. ಎರಡಕ್ಕೂ ಹೆಚ್ಚಿನ ಶತ್ರು ದೂಳು. ನಿಪ್ಪಾಣಿಯ ತಂಬಾಕಿನ ಪುಡಿಯಾಗಲಿ ಜಾತ್ರೆಯ ಬಯಲಿನ ಮಣ್ಣಾಗಲಿ ಮನೆಗಳ ಸಂದಿನಿಂದ ಇಳಿದು ರಬ್ಬರ್ ಗುಮ್ಮಟದೊಳಕ್ಕೆ ಸೇರುತ್ತದೆ. ಎರಡು ಬೊಟ್ಟುಗಳಲ್ಲಿ ಒಂದಕ್ಕೆ ದೂಳು ಮೆತ್ತಿದರೆ ಕಾಲದ ಲೆಕ್ಕ ತಪ್ಪುತ್ತದೆ. ಒಂದು ಮನೆ ಮೂಕವಾಗುತ್ತದೆ, ಇಲ್ಲವೇ ಮೆಲ್ಲಗೆ ಮುಟ್ಟಿದರೂ ಗಂಟಲು ಹರಿದು ಕೂಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಲ್ಲ 61 ಮನೆಗಳನ್ನೂ ಪಿಯಾನೊ ಟೋನಿನಲ್ಲಿ ಮೆಲ್ಲಗೆ ಒಂದೊಂದಾಗಿ ಒತ್ತಿ ನೋಡಬೇಕು. ಆರ್ಗನ್ ಟೋನಿನಲ್ಲಿ ನೋಡಿದರೆ ಅರ್ಧ ರೋಗ ಮುಚ್ಚಿಹೋಗುತ್ತದೆ. ಒಂದೆರಡು ಮನೆ ಕೂಗಿದರೆ ಹೆದರಬೇಕಿಲ್ಲ: ತಳದ ತಿರುಪು ಬಿಚ್ಚಿ, ರಬ್ಬರ್ ಪಟ್ಟಿ ಎತ್ತಿ, ಅದರಡಿಯ ಹಲಗೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಬೊಟ್ಟಿನ ಇಂಗಾಲವೇ ಸವೆದಿದ್ದರೆ ರಬ್ಬರ್ ಪಟ್ಟಿ ಬದಲಿಸಬೇಕು. ಆ ಮಾದರಿಯ ಪಟ್ಟಿ ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ವಿಚಾರಿಸಿರಬೇಕು.